ಕೊರಳಿನ ಅಳತೆ

ಹೊಳೆ ತಿರುಗುವ ಕಡೆ, ಹೊಂಗೆ ಮರದ ಕೆಳಗೆ, ಒಂದು ಆಶ್ರಮವಿತ್ತು. ಅಲ್ಲಿ ಹಗ್ಗ ಹೊಸೆಯುತ್ತಿದ್ದರು.

ಗುರುಗಳ ಹೆಸರು ಕೆಂಚಯ್ಯ. ಉಪದೇಶ ಕೇಳಲು ಬಂದವರ ಕೈಗೂ ಒಂದು ಹಿಡಿ ಸೆಣಬಿನ ನಾರು ಕೊಟ್ಟು ಕೂರಿಸುವ ಮನುಷ್ಯ. “ಅಲ್ಲಿಗೆ ಹೋದರೆ ಮೋಕ್ಷ ಸಿಗುತ್ತದೋ ಇಲ್ಲವೋ, ಬಾವಿಗೆ ಹಗ್ಗವಂತೂ ಸಿಗುತ್ತದೆ” ಎಂದು ಸುತ್ತಲಿನ ಊರವರು ನಗುತ್ತಿದ್ದರು. ಈ ಮಾತು ಗುರುಗಳ ಕಿವಿಗೂ ಬಿದ್ದಿತ್ತು. ಅವರೂ ನಕ್ಕಿದ್ದರು.

ಹಗ್ಗ ಕೇಳಲು ಯಾರೇ ಬರಲಿ, ಗುರುಗಳದು ಒಂದೇ ಪ್ರಶ್ನೆ.

“ಯಾತಕ್ಕೆ?”

ಬಾವಿಗೆ ಅಂದರೆ ಹೋಗಿ ಬಾವಿಯ ಆಳ ನೋಡಿ ಬರಬೇಕು. ತೊಟ್ಟಿಲಿಗೆ ಅಂದರೆ ಮನೆಯ ತೊಲೆ ನೋಡಬೇಕು, ಕೂಸನ್ನು ಎತ್ತಿಕೊಂಡು ಭಾರ ನೋಡಬೇಕು. ಕರು ಕಟ್ಟಲು ಅಂದರೆ ಕರುವಿನ ಕೊರಳಿಗೆ ದಾರ ಸುತ್ತಿ ಅಳತೆ ತರಬೇಕು. ಹಗ್ಗ ಹೊಸೆಯುವವನೇ ಹೋಗಬೇಕು. ಕಣ್ಣಾರೆ ನೋಡದೆ ಯಾರೂ ಅಲ್ಲಿ ನಾರು ಮುಟ್ಟುವಂತಿರಲಿಲ್ಲ.

ಚೆನ್ನಿಗನೆಂಬ ಶಿಷ್ಯ ಬಂದ ಹೊಸದರಲ್ಲಿ, ಬಾವಿ ಅಂದರೆ ಬಾವಿ ತಾನೆ ಎಂದು ಅಂದಾಜಿನ ಮೇಲೆ ಒಂದು ಹಗ್ಗ ಹೊಸೆದು ಕೊಟ್ಟಿದ್ದ. ಕೊಡ ನೀರಿಗಿಂತ ಮೊಳ ಮೇಲೆ ನೇತಾಡಿತು. ಊರ ಹೆಂಗಸರು ನಕ್ಕ ನಗೆ ಬಹಳ ದಿನ ಅವನ ಕಿವಿಯಲ್ಲಿತ್ತು.

ಈ ಚೆನ್ನಿಗನ ತಮ್ಮನನ್ನು ಒಬ್ಬ ಕೊಂದ.

ತಮ್ಮನ ಹೆಸರು ಮುದ್ದ. ಸಂತೆಯಲ್ಲಿ ಒಂದು ಎತ್ತು ಕೊಂಡು ಹೊಳೆದಂಡೆಯಲ್ಲಿ ಊರಿಗೆ ಬರುತ್ತಿದ್ದ. ಗವಿಯ ಎಂಬವನು ಆ ಎತ್ತಿನ ಆಸೆಗೆ ಮುದ್ದನ ತಲೆಗೆ ಕಲ್ಲು ಹಾಕಿದ. ಮಾರನೆಯ ದಿನ ಎತ್ತಿನ ಸಮೇತ ಸಿಕ್ಕಿಬಿದ್ದ. ಕೊಂದದ್ದು ಹೌದು ಎಂದು ತಾನೇ ಒಪ್ಪಿಕೊಂಡ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಕೊಂದವನಿಗೆ ರಾಜ ನೇಣಿನ ತೀರ್ಪು ಕೊಡುತ್ತಿದ್ದ. ಆದರೆ ನೇಣಿನ ಹಗ್ಗ ಸತ್ತವನ ಮನೆಯಿಂದ ಬರಬೇಕಿತ್ತು. ತೀರ್ಪಿನ ಮುಂದಿನ ಹುಣ್ಣಿಮೆಯೊಳಗೆ ಹಗ್ಗ ಬಂದರೆ ನೇಣು. ಬಾರದಿದ್ದರೆ ಕೊಂದವನು ಬದುಕಿರುವ ತನಕ ಕಾಲಿಗೆ ಸರಪಳಿ ತೊಟ್ಟು ಕೆರೆಯ ಏರಿಗೆ ಕಲ್ಲು ಹೊರಬೇಕು. ಪಾಪವೆಲ್ಲ ರಾಜನೊಬ್ಬನ ತಲೆಗೇ ಬರದಿರಲಿ ಎಂದು ಯಾವನೋ ಜಾಣ ಮಂತ್ರಿ ಮಾಡಿಟ್ಟ ಉಪಾಯವಿರಬೇಕು.

ತಮ್ಮನ ಮಣ್ಣು ಮುಗಿಸಿ, ಊರಿಂದ ಚೆನ್ನಿಗ ಆಶ್ರಮಕ್ಕೆ ಬಂದ. ಗುರುಗಳು ಹೊಂಗೆಯ ಬುಡದಲ್ಲಿ ನಾರು ಬಿಡಿಸುತ್ತಿದ್ದರು.

“ಗುರುಗಳೇ, ನನಗೆ ನಾರು ಬೇಕು.”

“ಯಾತಕ್ಕೆ?”

ಚೆನ್ನಿಗ ನೆಲ ನೋಡಿದ.

“ನೇಣಿಗೆ.”

ಗುರುಗಳ ಕೈ ನಿಂತಿತು.

“ನಿಮ್ಮ ತಾಯಿ ಏನನ್ನುತ್ತಾಳೆ?”

“ಅವ್ವನೇ ಕಳಿಸಿದ್ದು. ‘ನನ್ನ ಹೊಟ್ಟೆ ಉರೀತದೆ, ಹಗ್ಗ ಹೊಸ್ಕೊಂಡು ಬಾ’ ಅಂದಳು.”

“ನೀನು?”

“ನನ್ನದೂ ಅದೇ ಮಾತು. ಕೊಂದವನು ಬದುಕಿರುವುದು ನ್ಯಾಯವೇ ಗುರುಗಳೇ?”

“ಅಲ್ಲ.”

“ಹಾಗಾದರೆ ಅವನು ಸಾಯುವುದೇ ನ್ಯಾಯ.”

“ಅದನ್ನು ನಾನು ಹೇಳಲಿಲ್ಲ.”

“ಎರಡರಲ್ಲಿ ಒಂದು ನ್ಯಾಯ ಇರಲೇಬೇಕಲ್ಲ.”

“ನಿನ್ನ ತಮ್ಮ ಸತ್ತದ್ದು ನ್ಯಾಯವೇ?”

“ಅಲ್ಲ.”

“ಅದಾದ ಮೇಲೆ ನ್ಯಾಯ ಅನ್ನುವುದು ಇನ್ನೆಷ್ಟು ಉಳಿದಿದೆಯೋ, ನನಗೂ ತಿಳಿಯದು” ಎಂದರು ಗುರುಗಳು.

ಚೆನ್ನಿಗ ಬಿಡಲಿಲ್ಲ. “ಒಬ್ಬನನ್ನು ನೇಣಿಗೆ ಹಾಕಿದರೆ ಹತ್ತು ಜನ ಹೆದರುತ್ತಾರೆ. ಇನ್ನೊಬ್ಬರ ತಮ್ಮ ಉಳಿಯುತ್ತಾನೆ.”

“ಹೋದ ವರ್ಷವೂ ಒಬ್ಬನನ್ನು ಹಾಕಿದರು. ನೋಡಲು ಜಾತ್ರೆಯ ಹಾಗೆ ಜನ ಸೇರಿತ್ತಂತೆ. ಗವಿಯನೂ ಆ ಗುಂಪಿನಲ್ಲಿ ನಿಂತು ನೋಡಿದ್ದನೆಂದು ಸಂತೆಯವರು ಹೇಳುತ್ತಾರೆ.”

“ಅವನು ಕೆರೆ ಏರಿಯ ಮೇಲೆ ರಾಜನ ಅನ್ನ ತಿಂದುಕೊಂಡು ಇರಲಿ, ನನ್ನ ತಮ್ಮ ಮಣ್ಣೊಳಗಿರಲಿ. ಅದನ್ನು ದಿನಾ ನೆನೆಸಿಕೊಂಡು ಅವ್ವ ಮುದ್ದೆ ನುಂಗಬೇಕೇ?”

ಗುರುಗಳು ಬಿಡಿಸುತ್ತಿದ್ದ ನಾರನ್ನು ಪಕ್ಕಕ್ಕೆ ಇಟ್ಟರು.

“ಹೊಸೆ. ಕಟ್ಟಳೆ ನಿಮ್ಮ ಮನೆಗೆ ಕೊಟ್ಟದ್ದನ್ನು ಕಿತ್ತುಕೊಳ್ಳಲು ನಾನು ಯಾರು? ಆದರೆ ಇಲ್ಲಿಯ ನಿಯಮ ನಿನಗೆ ಗೊತ್ತು. ಹೋಗಿ ಅಳತೆ ತಾ.”

“ಯಾತರ ಅಳತೆ?”

“ಕೊರಳಿನದು.”

“ಕೊರಳು ಅಂದರೆ ಕೊರಳು. ಅದಕ್ಕೇನು ಅಳತೆ?”

“ಬಾವಿ ಅಂದರೆ ಬಾವಿ ಎಂದು ಒಂದು ಸಲ ನೀನೇ ಅಂದಿದ್ದೆ” ಎಂದು ಗುರುಗಳು ಅಳತೆಯ ದಾರ ಅವನ ಕೈಗಿಟ್ಟರು.

ಚೆನ್ನಿಗ ಹೊರಟ. ಸೆರೆಮನೆ ಇದ್ದದ್ದು ಕೋಟೆಯೊಳಗೆ. ಕೋಟೆಗೆ ಹೋಗಬೇಕಾದರೆ ಕೆಮ್ಮಣ್ಣಿನ ದಿಣ್ಣೆ ಹತ್ತಿ ಇಳಿಯಬೇಕು. ಆ ದಿಣ್ಣೆಯ ಮಣ್ಣು ಕಾಲಿಗೆ ಹತ್ತಿದರೆ ಎಷ್ಟು ತೊಳೆದರೂ ಬೇಗ ಹೋಗದು. ದಿಣ್ಣೆಯ ಬುಡದಲ್ಲಿ ದಾರಿಹೋಕರು ಕೂರುವ ಒಂದು ಮಂಟಪವಿತ್ತು. ಚೆನ್ನಿಗ ಅಲ್ಲಿ ಕೂತ.

ಕೂತವನಿಗೆ ಏಳಲು ಆಗಲಿಲ್ಲ.

ಗವಿಯನ ಮುಖ ನೋಡಿದರೆ ತನ್ನ ಕೈಯೇ ಅವನ ಕೊರಳಿಗೆ ಹೋದೀತು ಎಂದು ಅವನಿಗೆ ಭಯವಾಯಿತು. ಹೋಗದೇ ಇದ್ದೀತು ಎಂದು ಅದಕ್ಕಿಂತ ಹೆಚ್ಚು ಭಯವಾಯಿತು. ದಾರವನ್ನು ತನ್ನ ಕೊರಳಿಗೇ ಸುತ್ತಿ ನೋಡಿದ. ಮುದ್ದನನ್ನು ಕೊಂದವನು ತನಗಿಂತ ಸಣ್ಣ ಆಳು ಇರಲಾರ ಎಂದುಕೊಂಡು, ಬೆರಳಷ್ಟು ಹೆಚ್ಚು ಬಿಟ್ಟು, ದಾರಕ್ಕೆ ಗಂಟು ಹಾಕಿದ. ಹೊತ್ತು ಇಳಿಯುವ ತನಕ ಮಂಟಪದಲ್ಲೇ ಇದ್ದು ಹಿಂದಿರುಗಿದ.

“ಅಳತೆ ತಂದೆಯಾ?” ಎಂದರು ಗುರುಗಳು.

“ತಂದೆ.”

ಗುರುಗಳು ದಾರ ನೋಡಿದರು. ಚೆನ್ನಿಗನ ಕಾಲು ನೋಡಿದರು.

“ಹೊಸೆ” ಎಂದರು.

ಆ ದೊಡ್ಡ ಕೊರಳಿನ ಅಳತೆಗೆ ತಕ್ಕ ದಪ್ಪಕ್ಕೆ ಚೆನ್ನಿಗ ಹೊಸೆದ. ಅಷ್ಟು ಗಟ್ಟಿ ಹಗ್ಗವನ್ನು ಅವನು ಅದುವರೆಗೆ ಹೊಸೆದಿರಲಿಲ್ಲ. ಒಂದು ಎಳೆಯೂ ಎದ್ದಿರಲಿಲ್ಲ. ತಾಯಿ ಹೊಂಬಾಳವ್ವ ಅದನ್ನು ಊರ ತಳವಾರನ ಕೈಯಲ್ಲಿ ಕೋಟೆಗೆ ಕಳಿಸಿದಳು. ಹುಣ್ಣಿಮೆಗೆ ಮೊದಲೇ ಗವಿಯನನ್ನು ನೇಣಿಗೆ ಹಾಕಿದರು. ಚೆನ್ನಿಗ ನೋಡಲು ಹೋಗಲಿಲ್ಲ. ಅವತ್ತೆಲ್ಲ ಹೊಳೆಯಲ್ಲಿ ನಿಂತು ಸೆಣಬು ತೊಳೆದ.

ಕೆಲವು ದಿನ ಕಳೆದು, ಸೆರೆಮನೆಯ ಕಾವಲುಗಾರ ದೊಡ್ಡೀರಯ್ಯ ಆಶ್ರಮಕ್ಕೆ ಬಂದು ಒಂದು ಸುರುಳಿಯನ್ನು ಚೆನ್ನಿಗನ ಮುಂದೆ ಇಟ್ಟ.

“ಇದು ನಿಮ್ದು. ನೇಣಿನ ಹಗ್ಗ ನಾವು ಇಟ್ಕೊಳ್ಳಲ್ಲ, ಹೊಸೆದ ಕಡೆಗೇ ವಾಪಸ್. ಹೊಸೆದೋನು ಯಾರು?”

“ನಾನೇ. ಸತ್ತವನ ಅಣ್ಣ.”

“ಚೆಂದಾಗಿ ಹೊಸೆದಿದ್ದೀಯ. ಆದ್ರೆ ದಪ್ಪ ಆಯ್ತು ಕಣಪ್ಪ. ಆ ಮನುಷ್ಯ ಬಡಕಲ. ಉರುಳು ಬಿಗೀಲಿಲ್ಲ. ಬಾಳಾ ಹೊತ್ತು ಹಿಡೀತು.”

“ಬಡಕಲನೇ?”

“ಕೊಕ್ಕರೆ ಕೊರಳು. ಯಾಕೆ, ನೀನು ನೋಡಿಲ್ವಾ?”

ಚೆನ್ನಿಗ ಸುರುಳಿಯನ್ನು ಪಕ್ಕಕ್ಕೆ ಸರಿಸಿದ.

“ಅದೇ ನಾನೂ ಕೇಳ್ಬೇಕು ಅಂದ್ಕೊಂಡೆ” ಎಂದ ದೊಡ್ಡೀರಯ್ಯ. “ಅವನು ನಿನ್ನ ದಾರಿ ಕಾಯ್ತಿದ್ದ.”

“ನನ್ನ ದಾರಿಯೇ?”

“ಅವರ ಮನೆ ಬಾವಿಗೂ ಇಲ್ಲಿಂದ್ಲೇ ಹಗ್ಗ ಹೋಗಿತ್ತಂತೆ. ಇಲ್ಲಿಯೋರು ಅಳತೆ ತಗೊಳ್ದೆ ಹೊಸೆಯಲ್ಲ ಅಂತ ಅವನಿಗೆ ಗೊತ್ತಿತ್ತು. ‘ಅಳತೆಗೆ ಆ ಹುಡುಗನ ಅಣ್ಣ ಬತ್ತಾನೆ, ಅವನಿಗೆ ಒಂದು ಮಾತು ಹೇಳೋದಿದೆ’ ಅಂತ ದಿನಾ ಬಾಗಿಲ ಹತ್ರಾನೇ ಕೂತಿರ್ತಿದ್ದ.”

“ಯಾವ ಮಾತು?”

“ನಿನ್ನ ತಮ್ಮ ಸಾಯೋವಾಗ ಹೇಳಿದ ಮಾತಂತೆ. ಏನು ಅಂತ ನಾವೂ ಕೇಳ್ದೋ. ‘ಮನೆಯೋರಿಗೆ ಹೇಳ್ಬೇಕಾದ್ದು, ನಿಮಗ್ಯಾಕೆ’ ಅಂದ.”

“ಆಮೇಲೆ?”

“ಆಮೇಲೇನು? ಹಗ್ಗ ಬಂತು. ಅವನಿಗೆ ನಂಬ್ಕೇನೇ ಆಗ್ಲಿಲ್ಲ. ‘ಅಳತೇನೇ ತಗೊಂಡಿಲ್ವಲ್ಲ’ ಅಂದ. ಅದಾದ್ಮೇಲೆ ಮಾತಾಡ್ಲಿಲ್ಲ.”

ದೊಡ್ಡೀರಯ್ಯ ನೀರು ಕುಡಿದು ಎದ್ದು ಹೋದ. ಚೆನ್ನಿಗ ಆ ಸುರುಳಿಯನ್ನು ಹೊತ್ತು ಹೊಳೆಗೆ ಇಳಿದ. ಗುರುಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಳೆಹಾಕಿದ ಸೆಣಬನ್ನು ತಿರುವುತ್ತಿದ್ದರು.

“ಗುರುಗಳೇ, ನಾನು ಸುಳ್ಳು ಹೇಳಿದೆ. ಅವತ್ತು ಕೋಟೆಗೆ ಹೋಗಿರಲಿಲ್ಲ.”

“ಗೊತ್ತು.”

“ಯಾರು ಹೇಳಿದರು?”

“ನಿನ್ನ ಕಾಲಿಗೆ ಕೆಮ್ಮಣ್ಣು ಹತ್ತಿರಲಿಲ್ಲ.”

“ಅವತ್ತೇ ಗೊತ್ತಿತ್ತೇ?”

“ಅವತ್ತೇ.”

ಚೆನ್ನಿಗನಿಗೆ ಸಿಟ್ಟು ಬಂತು. ಗುರುಗಳ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು.

“ಬಾವಿಯ ಹಗ್ಗವಾಗಿದ್ದರೆ ನನ್ನನ್ನು ವಾಪಸ್ ಕಳಿಸುತ್ತಿದ್ದಿರಿ.”

“ಕಳಿಸುತ್ತಿದ್ದೆ.”

“ಇದಕ್ಕೆ ಯಾಕೆ ಸುಮ್ಮನಿದ್ದಿರಿ?”

ಗುರುಗಳು ಸೆಣಬಿನ ಕಟ್ಟನ್ನು ಕೈಬಿಟ್ಟರು. ಅದು ನೀರಿನಲ್ಲಿ ಸ್ವಲ್ಪ ದೂರ ತೇಲಿ ಹೋಗಿ ಕಲ್ಲಿಗೆ ತಡೆದು ನಿಂತಿತು.

“ನಿನ್ನ ಮುಖ ನೋಡಿ ಹೆದರಿದೆ. ಇನ್ನೊಂದು ಮಾತಾಡಿದರೆ ಎದ್ದು ಹೋಗಿಬಿಡುತ್ತೀಯ ಅನ್ನಿಸಿತು. ಶಿಷ್ಯ ಉಳಿದರೆ ಸಾಕು ಅಂದುಕೊಂಡೆ.”

ಚೆನ್ನಿಗ ದಂಡೆಯಲ್ಲಿ ಕೂತ. ಗುರುಗಳೂ ಬಂದು ಪಕ್ಕದಲ್ಲಿ ಕೂತರು.

“ಅದೂ ಹೋಗಲಿ” ಎಂದರು. “ನಿನ್ನ ಹತ್ತಿರ ಅಳತೆ ಕೇಳಿದೆ, ನಾರು ಕೊಟ್ಟೆ, ನ್ಯಾಯದ ಮಾತು ಆಡಿದೆ. ನಿನ್ನ ತಮ್ಮ ಎಂಥವನಿದ್ದ ಎಂದು ಒಂದು ಸಲವೂ ಕೇಳಲಿಲ್ಲ.”

ಆಗ ಚೆನ್ನಿಗನಿಗೆ ಅಳು ಬಂತು. ತಮ್ಮನ ಮಣ್ಣಿನ ದಿನ ಬಾರದಿದ್ದ ಅಳು. ಗುರುಗಳು ಅವನ ಬೆನ್ನ ಮೇಲೆ ಒದ್ದೆ ಕೈ ಇಟ್ಟುಕೊಂಡು ಕೂತಿದ್ದರು.

ಅತ್ತು ಸುಸ್ತಾದ ಮೇಲೆ ಚೆನ್ನಿಗ ಕೇಳಿದ: “ಗವಿಯನನ್ನು ನೇಣಿಗೆ ಹಾಕಬಾರದಿತ್ತೇ ಗುರುಗಳೇ?”

“ಅಷ್ಟು ದೊಡ್ಡ ಮಾತು ನನಗೆ ತಿಳಿಯದು. ಅವನು ಇವತ್ತು ಕೆರೆ ಏರಿಯಲ್ಲಿ ಕಲ್ಲು ಹೊರುತ್ತಿದ್ದರೆ ನೀನು ಎದ್ದು ಹೋಗಿ ಕೇಳಬಹುದಿತ್ತು. ಇಷ್ಟು ತಿಳಿದಿದೆ.”

ಇಂಥ ಸುದ್ದಿ ಊರಿಗೆ ಮುಟ್ಟಲು ಕಾಲು ಬೇಡ. ಮಾರನೆಯ ದಿನ ಹೊಂಬಾಳವ್ವ ಆಶ್ರಮಕ್ಕೆ ಬಂದಳು. ಬಂದವಳು ಗುರುಗಳಿಗೆ ಕೈ ಮುಗಿಯುವುದನ್ನೂ ಮರೆತಳು.

“ಮುದ್ದ ಏನೋ ಹೇಳಿದ್ನಂತೆ?”

“ಹೇಳಿದ್ದನಂತೆ ಅವ್ವ.”

“ಏನಂತೆ?”

“ಗೊತ್ತಿಲ್ಲ. ಅವನು ನನಗೋಸ್ಕರ ಕಾಯ್ತಿದ್ದನಂತೆ. ನಾನು ಹೋಗಲಿಲ್ಲ.”

ಬೈಯುತ್ತಾಳೆ ಎಂದು ಚೆನ್ನಿಗ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹೊಂಗೆಯ ಬುಡದಲ್ಲಿ ಕೂತು, ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

“ನೀರು ಕೇಳಿದ್ನೋ ಏನೋ” ಎಂದಳು.

ಸೆರಗನ್ನು ಇನ್ನೊಮ್ಮೆ ಸುತ್ತಿ, “ನನ್ನ ಕರೆದ್ನೋ ಏನೋ” ಎಂದಳು.

ಸೆರಗು ಬಿಟ್ಟು ಮಗನ ಕಡೆ ನೋಡಿದಳು.

“ಮೊದ್ಲು ಕೇಳಿ, ಆಮೇಲೆ ನೇಣಿಗೆ ಹಾಕ್ಬೋದಿತ್ತಲ್ಲಪ್ಪ.”

“ಕೇಳಿದ ಮೇಲೂ ಹಗ್ಗ ಕಳಿಸ್ತಿದ್ದೆಯಾ ಅವ್ವ?”

“ಕಳಿಸ್ತಿದ್ನೇನೋ. ಅವನ ಹೆಸರು ಎತ್ತಿದ್ರೆ ಈಗ್ಲೂ ನನ್ನ ಹೊಟ್ಟೆ ಉರೀತದೆ.” ಅವಳು ಗುರುಗಳ ಕಡೆ ತಿರುಗಿದಳು. “ಆರ್ತದೆ ಅಂದ್ಕೊಂಡಿದ್ದೆ ಬುದ್ಧಿ. ಆರ್ಲಿಲ್ಲ.”

ಗುರುಗಳು ಹೊಳೆಗೆ ಹೋಗಿ ತಾವೇ ಒಂದು ಚೊಂಬು ನೀರು ತಂದುಕೊಟ್ಟರು. ಹೊಂಬಾಳವ್ವ ಚೊಂಬನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಳು. ಕುಡಿಯಲಿಲ್ಲ.

ಆ ಹಗ್ಗವನ್ನು ಚೆನ್ನಿಗ ಹೊಂಗೆಯ ಕೊಂಬೆಗೆ ನೇತುಹಾಕಿದ. ಅದು ಅಲ್ಲೇ ಉಳಿಯಿತು. ಅದನ್ನು ಬಾವಿಗೂ ಯಾರೂ ಕೇಳಲಿಲ್ಲ, ದನಕ್ಕೂ ಕೇಳಲಿಲ್ಲ. ಚೆನ್ನಿಗ ಬಿಚ್ಚಲೂ ಇಲ್ಲ. ದಿನಾ ಅದರ ಕೆಳಗೇ ಕೂತು ಬೇರೆ ಹಗ್ಗ ಹೊಸೆದ.

ಒಂದು ಮಳೆಗಾಲ ಕಳೆಯಿತು.

ಲಕ್ಕಯ್ಯನೆಂಬ ಮುದುಕ ಒಂದು ಬೆಳಿಗ್ಗೆ ಆಶ್ರಮಕ್ಕೆ ಬಂದ. ಬಹಳ ದೂರದಿಂದ ಬೇಗಬೇಗ ನಡೆದು ಬಂದವನಂತೆ ಏದುಸಿರು ಬಿಡುತ್ತಿದ್ದ.

“ಒಂದು ಹಗ್ಗ ಬೇಕು ಬುದ್ಧಿ.”

“ಯಾತಕ್ಕೆ?” ಎಂದರು ಗುರುಗಳು.

“ನೇಣಿಗೆ.”

ಚೆನ್ನಿಗನ ಕೈಯಲ್ಲಿದ್ದ ನಾರು ಕೆಳಗೆ ಬಿತ್ತು.

“ಯಾರನ್ನು ಕಳೆದುಕೊಂಡೆಯಪ್ಪ?” ಎಂದರು ಗುರುಗಳು.

“ಮಗಳನ್ನ. ಕಟ್ಕೊಂಡ ಗಂಡನೇ ಹೊಡೆದು ಸಾಯಿಸ್ದ. ನಾಳಿದ್ದು ಹುಣ್ಣಿಮೆ. ಬೇಗ ಆಗ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ, ಪ್ಯಾಟೇಲಿ ತಗೋತೀನಿ. ನಿಮ್ಮ ಹಗ್ಗ ಗಟ್ಟಿ ಅಂತ ಇಲ್ಲಿಗೆ ಬಂದೆ.”

“ಆಗಲ್ಲ ಅಂತ ನಾನೆಲ್ಲಿ ಹೇಳಿದೆ? ಅಳತೆ ತಂದು ಹೊಸೆಯುತ್ತೇವೆ.”

ಚೆನ್ನಿಗ ಎದ್ದು ದಾರ ತೆಗೆದುಕೊಂಡ. “ನಾನು ಹೋಗುತ್ತೇನೆ” ಎಂದ. ಆಮೇಲೆ ಲಕ್ಕಯ್ಯನ ಕಡೆ ನೋಡಿ, “ನೀವೂ ಬನ್ನಿ ಯಜಮಾನ್ರೇ” ಎಂದ.

“ನಾನ್ಯಾಕಪ್ಪ? ಅವನ ಮೋರೆ ನೋಡಕ್ಕೆ ನನ್ನ ಕೈಲಾಗಲ್ಲ.”

“ನನ್ನ ಕೈಲೂ ಆಗಿರಲಿಲ್ಲ” ಎಂದ ಚೆನ್ನಿಗ. ಕೊಂಬೆಯಲ್ಲಿ ನೇತಾಡುತ್ತಿದ್ದ ಸುರುಳಿಯನ್ನು ತೋರಿಸಿದ. ಅದು ಯಾರ ಹಗ್ಗ, ಎಲ್ಲಿಂದ ವಾಪಸ್ ಬಂತು ಎಂಬುದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹೇಳಿದ. ಅವ್ವ ಕುಡಿಯದೆ ಹಿಡಿದುಕೊಂಡಿದ್ದ ನೀರಿನ ಮಾತನ್ನೂ ಹೇಳಿದ.

ಲಕ್ಕಯ್ಯ ಕೇಳಿದ. ಕೇಳಿ, “ಅದು ನಿಮ್ಮ ಮನೆ ಸಂಗತಿ. ನನಗೆ ಹಗ್ಗ ಬೇಕು” ಎಂದ. ಆದರೂ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದು ನಿಂತ.

ಗುರುಗಳು ಮೂಲೆಯಲ್ಲಿದ್ದ ಕೋಲು ಎತ್ತಿಕೊಂಡರು.

“ನೀವೂ ಬರುತ್ತೀರಾ?” ಎಂದ ಚೆನ್ನಿಗ.

“ಹೋದ ಸಲವೇ ಬರಬೇಕಿತ್ತು.”

ಮೂವರೂ ನಡೆದರು. ಇಡೀ ದಿನ ಹರಿಯುವ ನೀರಿನಲ್ಲಿ ನಿಂತರೂ ದಣಿಯದ ಗುರುಗಳು ಅವತ್ತು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಒಂದು ಕಡೆ ಮರದ ಹೆಸರು ಕೇಳಿದರು. ಇನ್ನೊಂದು ಕಡೆ ದನ ಕಾಯುವವನ ಊರು ಕೇಳಿದರು. ಲಕ್ಕಯ್ಯ ಮುಂದೆ ಮುಂದೆ ಹೋಗುವುದು, ತಿರುಗಿ ನೋಡಿ ಕಾಯುವುದು ಮಾಡುತ್ತಿದ್ದ. ಚೆನ್ನಿಗನಿಗೂ ಮೊದಮೊದಲು ಅರ್ಥವಾಗಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ದಿಣ್ಣೆಯ ಬುಡದ ಮಂಟಪ ಸಿಕ್ಕಿತು. ಎದುರಿಗೆ ಕೆಂಪು ದಾರಿ ಏರಿ ಹೋಗುತ್ತಿತ್ತು. ಗುರುಗಳು ಮಂಟಪದ ಕಲ್ಲಿನ ಮೇಲೆ, ಚೆನ್ನಿಗ ಅಂದು ಕೂತಿದ್ದ ಜಾಗದಲ್ಲೇ ಕೂತರು. ಕೋಲನ್ನು ಪಕ್ಕಕ್ಕೆ ಮಲಗಿಸಿದರು.

“ಏಳಿ ಬುದ್ಧಿ” ಎಂದ ಲಕ್ಕಯ್ಯ. “ಹಿಂಗೆ ಕೂತ್ರೆ ಹೋಗಿ ಬರೋದ್ರಲ್ಲೇ ಹುಣ್ಣಿಮೆ ಕಳೆದೋಯ್ತದೆ. ಅವನು ಕಲ್ಲು ಹೊತ್ಕೊಂಡು ಬದುಕ್ಕೊಳ್ತಾನೆ.”

“ಕಾಲು ನೋಯುತ್ತಿದೆಯಪ್ಪ.”

ಲಕ್ಕಯ್ಯ ದಿಣ್ಣೆಯ ಕಡೆ ನೋಡಿದ. ಗುರುಗಳ ಕಡೆ ನೋಡಿದ. ಹೆಗಲಿನ ವಲ್ಲಿ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡ. ಚೆನ್ನಿಗನಿಗೆ ಈಗ ಅರ್ಥವಾಯಿತು; ಅಳತೆಯ ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುರುಗಳ ಆಚೆ ಬದಿಗೆ ಕೂತ.

ಗುರುಗಳು ಈಚೆ ಬದಿಯ ಕಲ್ಲಿನ ಧೂಳನ್ನು ಅಂಗೈಯಿಂದ ಒರೆಸಿದರು.

“ನೀನೂ ಕೂತುಕೋ ಲಕ್ಕಯ್ಯ. ನಿನ್ನ ಮಗಳು ಎಂಥವಳಿದ್ದಳು, ಹೇಳು.”